ಗುಲಾಬಿ ಕಡೆ, ಹಸಿರು ಕಡೆ

ನಾರಾಯಣಖೇಡ
11 ಅಕ್ಟೋಬರ್ 2023

ಪಾರ್ವತಕ್ಕನವರಿಗೆ ಶಿವಕಾಂತಾಳ ಶರಣಾರ್ಥಿ.

ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಆನಂದಕುಮಾರನ ಕೈಗೆ ಫೋನು ಹೋದರೆ ನಿಮ್ಮ ಮಗ "ಎಲ್ಲಾ ಆರಾಮ ಅದ ಸಣ್ಣವ್ವ" ಎಂದು ಇಟ್ಟೇಬಿಡುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಕಿವಿ ಮಂದವಾದರೂ ನಿಮ್ಮ ಕಣ್ಣು ಚುರುಕಾಗಿಯೇ ಇದೆ. ನನ್ನ ಒಲೆಯಿಂದ ಒಂದು ಸಾಸಿವೆ ಸಿಡಿದು ನಿಮ್ಮ ಕಡೆ ಬಿದ್ದರೂ ನಿಮಗೆ ಕಾಣುತ್ತಿತ್ತು.

ನಮ್ಮ ಯಜಮಾನರ ವರ್ಷದ ಪುಣ್ಯತಿಥಿ ಮುಗಿದ ಮರುವಾರ, "ಎಂಟ ದಿನ ತವರಾಗ ಇದ್ದು ಬಾ" ಎಂದು ಆನಂದ ನನ್ನನ್ನು ಬಸ್ಸು ಹತ್ತಿಸಿದ. ಈಗ ಮಳೆಗಾಲವೇ ಮುಗಿಯಿತು. ಕರೆಯಲು ಯಾರೂ ಬರಲಿಲ್ಲ. ನನ್ನ ತಮ್ಮ ಶಂಕ್ರೆಪ್ಪ ಏನೂ ಅನ್ನುವುದಿಲ್ಲ. ಅವನ ಹೆಂಡತಿ ಬಂಡಮ್ಮ ಮಾತ್ರ ದಿನಾ ಬೆಳಿಗ್ಗೆ ನನ್ನ ಹಾಸಿಗೆ ಮಡಚಿಟ್ಟ ಮೂಲೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾಳೆ. ಅವಳದೇನು ತಪ್ಪು? ಇರುವುದು ಎರಡು ಕೋಣೆ.

ನಿನ್ನೆ ತಾಂಡೂರಿನಿಂದ ಬಂದ ಕಿರಾಣಿಯವನು ಒಂದು ಸುದ್ದಿ ಹೇಳಿದ. "ನಿಮ್ಮ ಮನಿಗಿ ಪೇಂಟರ್ ಬಂದಿದ್ದ, ಗ್ವಾಡಿ ಅಳದು ಹೋಗ್ಯಾನ" ಎಂದ. ಹೌದೇನು ಅಕ್ಕ? ನನ್ನ ಗುಲಾಬಿ ಗೋಡೆಯ ಮೇಲೂ ಬೇರೆ ಬಣ್ಣ ಹಚ್ಚುತ್ತಾರೆಯೇ?

ನಿಮಗೆ ಇದು ಸಣ್ಣ ಮಾತು ಎನಿಸಬಹುದು. ಆ ಮನೆ ನಿಮ್ಮ ಮಗನ ಹೆಸರಿಗಿದೆ. ನೀವು ಮೊದಲ ಹೆಂಡತಿ, ನಿಮ್ಮದು ಎಲ್ಲರೂ ಒಪ್ಪಿದ ಮದುವೆ. ನಾನು ನಿಮಗೆ ಮಕ್ಕಳಾಗಲಿಲ್ಲ ಎಂದು ತಂದುಕೊಂಡವಳು. ನಾನು ಬಂದ ಎರಡನೆಯ ವರ್ಷಕ್ಕೇ ನಿಮಗೆ ಆನಂದ ಹುಟ್ಟಿದ, ನನ್ನ ಹೊಟ್ಟೆಯಲ್ಲಿ ಯಾರೂ ಹುಟ್ಟಲಿಲ್ಲ. ನನ್ನ ಹೆಸರಿನಲ್ಲಿ ಒಂದು ತುಂಡು ಕಾಗದವೂ ಇಲ್ಲ. "ಈ ಗುಲಾಬಿ ಎಲ್ಲಿತನಾ ಅದ, ಅಲ್ಲಿತನಾ ನಿಂದು" ಎಂದು ಅವರು ಅಂದು ಹೇಳಿದ್ದಷ್ಟೇ ನನ್ನ ಆಸ್ತಿ. ಆ ಬಣ್ಣ ಹೋದರೆ ನಾನು ಎಲ್ಲಿ ಕೂತು ಇದು ನನ್ನದು ಅನ್ನಲಿ?

ಹಚ್ಚುತ್ತಾರೆ ಅಥವಾ ಇಲ್ಲ, ಇಷ್ಟು ಬರೆಯಿರಿ.

ಶಿವಕಾಂತಾ


ತಾಂಡೂರು
27 ಅಕ್ಟೋಬರ್ 2023

ಶಿವಕಾಂತಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಬರೆಯಬಾರದು ಎಂದಲ್ಲ, ಯಾವ ಕೆಲಸಕ್ಕೂ ಕೈ ಏಳುವುದಿಲ್ಲ. ಅವರು ಹೋದ ಮೇಲೆ ಹೀಗೇ ಆಗಿದೆ. ಅಳು ಬರುತ್ತದೆಯೇ ಎಂದರೆ ಅದೂ ಇಲ್ಲ. ರೊಟ್ಟಿ ತಿನ್ನುತ್ತೇನೆ, ಪಲ್ಯದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸೊಸೆ ಕೌಶಲ್ಯಾ "ಹ್ಯಾಂಗ ಆಗ್ಯಾದ್ರಿ ಅತ್ತಿ?" ಎಂದು ಕೈಸನ್ನೆ ಮಾಡಿ ಕೇಳುತ್ತಾಳೆ. ಛಲೋ ಆಗಿದೆ ಅನ್ನುತ್ತೇನೆ.

ಹೌದು, ಬಣ್ಣ ಹಚ್ಚುತ್ತಾರೆ. ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ. ಜಹೀರಾಬಾದಿನ ಕಡೆಯ ದೊಡ್ಡ ಮನೆತನವಂತೆ. ಆನಂದ ನನ್ನ ಕಿವಿಗೆ ಬಾಯಿಟ್ಟು ಹೇಳಿದ: "ಅವ್ವ, ಒಂದ ಪಡಸಾಲಿಗಿ ಎರಡ ಬಣ್ಣ ಯಾಕ ಅಂತ ಬಂದ ಮಂದಿ ಕೇಳ್ತಾರ. ನಮ್ಮಪ್ಪಗ ಇಬ್ಬರು ಹೆಂಡ್ರಿದ್ರು ಅಂತ ಹೇಳ್ಲ್ಯಾ? ಇಜ್ಜತಿನ ಮಾತದು. ಎಲ್ಲಾ ಒಂದ ಬಣ್ಣ ಮಾಡಿಸಿಬಿಡ್ತೀನಿ. ಮಾತು ಪಕ್ಕಾ ಆಗೋತನಾ ಸಣ್ಣವ್ವನೂ ಅಲ್ಲೇ ಇರ್ಲಿ."

ನಾನು ಏನೂ ಹೇಳಲಿಲ್ಲ. ನಿನ್ನದೊಂದೇ ಅಲ್ಲ, ನನ್ನ ಹಸಿರೂ ಹೋಗುತ್ತದೆ.

ಮೊದಲ ಸಲ ಬಣ್ಣ ಹಚ್ಚಿಸಿದ್ದು ನಿನಗೆ ನೆನಪಿರಬೇಕು. ನೀನು ಗುಡಿಸಿದ ಕಸ ನನ್ನ ಕಡೆ ಬಂತು ಎಂದು ನಾನು ಕಸಬರಿಗೆ ಎತ್ತಿದೆ, ನೀನು ತುಂಬಿದ ಕೊಡ ಎತ್ತಿದೆ. ಅವರು ತೊಗರಿ ಅಂಗಡಿಯಿಂದ ಊಟಕ್ಕೆ ಬಂದವರು ಇಬ್ಬರನ್ನೂ ನೋಡಿ ಉಪವಾಸವೇ ತಿರುಗಿ ಹೋದರು. ಮರುದಿನ ಪೇಂಟರನ್ನು ಕರೆತಂದರು. ಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ ಹೋಗುವ ತೊಲೆಯನ್ನು ತೋರಿಸಿ, ಅದರ ಬಲಕ್ಕೆ ಹಸಿರು, ಎಡಕ್ಕೆ ಗುಲಾಬಿ ಎಂದರು. "ಗ್ವಾಡಿ ಕಟ್ಟಿದ್ರ ಮನಿ ಒಡೀತು ಅಂತ ಮಂದಿ ನಗ್ತಾರ. ಬಣ್ಣಕ್ಕ ಯಾರೂ ನಗಂಗಿಲ್ಲ" ಎಂದರು. ತಮ್ಮ ಕುರ್ಚಿಯನ್ನು ತೊಲೆಯ ಕೆಳಗೆ ಹಾಕಿಕೊಂಡರು. ಒಂದು ದಿನ ಅದರ ಮುಖ ನನ್ನ ಕಡೆ, ಒಂದು ದಿನ ನಿನ್ನ ಕಡೆ. ಅಂದಿನಿಂದ ಕಸಬರಿಗೆ ಎರಡು, ಒಲೆ ಎರಡು, ಉಪ್ಪಿನಕಾಯಿ ಭರಣಿಯೂ ಎರಡು. ಆಮೇಲೆ ನಾವು ಕೈಗೆ ಕೈ ಹತ್ತಿಸಲಿಲ್ಲ. ಬಾಯಿಂದ ಮಾತ್ರ ಬಿಡಲಿಲ್ಲ.

ಪತ್ರವನ್ನು ಮೊಮ್ಮಗಳು ಕಾಲೇಜಿಗೆ ಹೋಗುವಾಗ ಅಂಚೆಗೆ ಹಾಕುತ್ತಾಳೆ. ಬಂಡಮ್ಮನನ್ನು ಕೇಳಿದೆನೆಂದು ಹೇಳು.

ಪಾರ್ವತಿಬಾಯಿ


ನಾರಾಯಣಖೇಡ
2 ನವೆಂಬರ್ 2023

ಅಕ್ಕನವರಿಗೆ,

"ಏನೂ ಹೇಳಲಿಲ್ಲ" ಎಂದು ನೀವು ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ. ನೀವು ಯಾವತ್ತು ಏನೂ ಹೇಳದೆ ಇದ್ದವರು? ನಾನು ಒಗ್ಗರಣೆಗೆ ಇಂಗು ಹಾಕಿದರೂ ಹೇಳುತ್ತಿದ್ದಿರಿ. ತಲೆಗೆ ಎಣ್ಣೆ ಹಚ್ಚಿಕೊಂಡರೂ ಹೇಳುತ್ತಿದ್ದಿರಿ. ನನ್ನ ಗೋಡೆ ಹೋಗುವ ಹೊತ್ತಿಗೇ ನಿಮ್ಮ ಬಾಯಿ ಬಿದ್ದುಹೋಯಿತೇ?

ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಗುಲಾಬಿ ಬಣ್ಣ ನನಗೆ ಸೇರುತ್ತಲೇ ಇರಲಿಲ್ಲ. ಯಾವ ಬಣ್ಣ ಬೇಕು ಎಂದು ಅವರು ಕೇಳಿದಾಗ ನಾನೂ ಗಿಳಿಹಸಿರೇ ಅಂದಿದ್ದೆ. "ಅದು ಖತಂ ಆಗ್ಯಾದ, ದುಕಾನದಾಗ ಇಲ್ಲ" ಎಂದರು. ನೀವು ಮೊದಲೇ ಕೇಳಿದ್ದೀರಿ ಎಂದು ಹೇಳುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಪಾಪ, ಇಬ್ಬರು ಹೆಂಡಿರ ಗಂಡ. ಮುಂದೆ ಬಣ್ಣ ಮಾಸಿ ಮತ್ತೆ ಹಚ್ಚಿಸಿದಾಗಲೆಲ್ಲ ನಾನು ಅದನ್ನೇ ಹಚ್ಚಿಸಿಕೊಂಡೆ. ಸೇರದಿದ್ದರೂ ನನ್ನದು ಎಂದು ಒಂದಿತ್ತಲ್ಲ. ಆನಂದ ಸಣ್ಣವನಿದ್ದಾಗ ನಿಮ್ಮ ಏಟು ತಪ್ಪಿಸಿಕೊಂಡು ಓಡಿಬಂದು ಆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ನೀವು ತೊಲೆಯ ಕೆಳಗೆ ನಿಂತು ಬೈಯುತ್ತಿದ್ದಿರಿ, ದಾಟುತ್ತಿರಲಿಲ್ಲ. ಈಗ ಅವನಿಗೆ ಆ ಗೋಡೆ ಇಜ್ಜತಿನ ಮಾತಾಗಿದೆ.

ಶಂಕ್ರೆಪ್ಪನ ಮಗಳು ತನ್ನ ಫೋನಿನಲ್ಲಿ ಹೈದರಾಬಾದಿನ ಮನೆಗಳನ್ನು ತೋರಿಸಿದಳು. ಈಗ ಒಂದೇ ಪಡಸಾಲೆಯಲ್ಲಿ ಊಟದ ಕಡೆ ಒಂದು ಬಣ್ಣ, ಟಿ.ವಿ. ಕಡೆ ಒಂದು, ಓದುವ ಮೂಲೆಗೆ ಇನ್ನೊಂದು ಹಚ್ಚಿಸುತ್ತಾರಂತೆ. ಗೋಡೆ ಇಲ್ಲದೆ ಜಾಗ ಬೇರೆ ಮಾಡುವುದು ಎಂದರೆ ದೊಡ್ಡ ಫ್ಯಾಶನ್ನಂತೆ. ಅದಕ್ಕೆಂದೇ ಓದಿದವರು ಬಂದು ಹೇಳಿಕೊಡುತ್ತಾರಂತೆ. ನಮ್ಮವರು ತೊಗರಿ ತೂಗುತ್ತಲೇ ಅದನ್ನು ಮಾಡಿಸಿದ್ದರು ನೋಡಿ.

ನನಗೆ ಇಡೀ ಕಡೆ ಬೇಡ. ನನ್ನ ಮಂಚದ ಹಿಂದಿನ ಒಂದು ಗೋಡೆ ಬಿಡಲು ಆನಂದನಿಗೆ ಹೇಳಿ. ಬಂದವರು ಕೇಳಿದರೆ ಫ್ಯಾಶನ್ ಎಂದುಬಿಡಲಿ. ಒಂದೇ ಗೋಡೆ ಅಕ್ಕ. ನಾನು ನಿಮ್ಮ ಹತ್ತಿರ ಇದುವರೆಗೆ ಏನನ್ನೂ ಬೇಡಿದವಳಲ್ಲ.

ಶಿವಕಾಂತಾ


ತಾಂಡೂರು
20 ನವೆಂಬರ್ 2023

ಶಿವಕಾಂತಾ,

ದೀಪಾವಳಿಯೊಳಗೆ ಕೆಲಸ ಮುಗಿಯಿತು. ಎಲ್ಲ ಕಡೆಗೂ ಕೆನೆಬಣ್ಣ.

ನಿನ್ನ ಪತ್ರ ಬಂದಾಗ ಪೇಂಟರ್ ಇನ್ನೂ ನನ್ನ ಹಸಿರಿನ ಕಡೆಯೇ ಇದ್ದ. ಆನಂದ ಅಲ್ಲೇ ನಿಂತಿದ್ದ. ಒಂದು ಗೋಡೆ ಬಿಡು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಪತ್ರ ತಡವಾಗಿ ಮುಟ್ಟಿತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಈ ವಯಸ್ಸಿನಲ್ಲಿ ನಿನ್ನ ಮುಂದೆ ಸುಳ್ಳು ಹೇಳಿ ನಾನು ಗಳಿಸುವುದೇನಿದೆ?

ಆ ಗುಲಾಬಿ ಹೋಗಲಿ ಎಂದು ನಾನು ಎಷ್ಟೋ ವರ್ಷ ದೇವರಲ್ಲಿ ಬೇಡಿಕೊಂಡವಳು. ಹೊಟ್ಟೆಕಿಚ್ಚು, ಮತ್ತೇನು. ಅವರ ಕುರ್ಚಿ ನಿನ್ನ ಕಡೆ ತಿರುಗಿದ ದಿನ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅದಕ್ಕೇ ಅದು ಹೋಗುವುದನ್ನು ಕಣ್ಣಾರೆ ನೋಡೋಣ ಎಂದು ಸ್ಟೂಲು ಹಾಕಿ ಕೂತೆ. ಪೇಂಟರ್ ಗೋಡೆ ತಿಕ್ಕಿದ, ಗುಲಾಬಿ ಪುಡಿ ನೆಲದ ಮೇಲೆಲ್ಲ ಬಿತ್ತು. ಆಮೇಲೆ ರೋಲರಿನಿಂದ ಕೆನೆಬಣ್ಣ ಎಳೆದ. ಮೊದಲ ಸಲಕ್ಕೆ ಗುಲಾಬಿ ಒಳಗಿನಿಂದ ಇಣುಕುತ್ತಿತ್ತು. ಇನ್ನೊಂದು ಸಲ ಎಳೆದ ಮೇಲೆ ಕಾಣಲಿಲ್ಲ. ಈಗ ಸಂತೋಷವಾಗುತ್ತದೆ, ಈಗ ಆಗುತ್ತದೆ ಎಂದು ಕಾದೆ. ಆಗಲಿಲ್ಲ. ದುಃಖವೂ ಆಗಲಿಲ್ಲ. ಕೌಶಲ್ಯಾ ಇಟ್ಟುಹೋದ ಚಹಾ ಆರಿತ್ತು, ಅದನ್ನೇ ಕುಡಿದೆ.

ಮನೆ ದೊಡ್ಡದಾಗಿ ಕಾಣುತ್ತದೆ ಎಂದು ಬಂದವರೆಲ್ಲ ಅನ್ನುತ್ತಾರೆ. ಎಡಗಡೆ ಹೊಸ ಸೋಫಾ ಹಾಕಿದ್ದಾರೆ. ನಿನ್ನ ಮಂಚ ಬಿಚ್ಚಿ ಹಿಂದೆ ತೊಗರಿ ಚೀಲ ಇಡುವ ಕೋಣೆಯಲ್ಲಿಟ್ಟಿದ್ದಾರೆ. ಅವರ ಕುರ್ಚಿ ಅಟ್ಟ ಸೇರಿದೆ. ನೀನು ಬೈದು ಬರೆ. ಬೈಸಿಕೊಂಡರಾದರೂ ನನಗೆ ಏನಾದರೂ ಅನಿಸುತ್ತದೋ ನೋಡೋಣ.

ಪಾರ್ವತಿಬಾಯಿ


ನಾರಾಯಣಖೇಡ
15 ಡಿಸೆಂಬರ್ 2023

ಅಕ್ಕನವರಿಗೆ,

ಬೈಯುವುದಿಲ್ಲ. ಬೈಯಲು ನನ್ನ ಕಾಲ ಕೆಳಗೆ ನನ್ನದೆಂದು ಒಂದು ಜಾಗವಿರಬೇಕಲ್ಲ.

ಬಂಡಮ್ಮನ ಮಗನಿಗೆ ಮದುವೆ ಗೊತ್ತಾಗಿದೆ. ಬರುವ ಸೊಸೆಗೆ ನಾನು ಮಲಗುವ ಜಾಗ ಬೇಕು. ಅವರು ಬಾಯಿಬಿಟ್ಟು ಹೇಳುವ ಮೊದಲೇ ನಾನು ಎದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆ ಹಿಡಿದಿದ್ದೇನೆ. ಪಕ್ಕದ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತೇನೆ. ತೋಳು ನೋಯುತ್ತದೆ, ಆದರೆ ರೊಟ್ಟಿ ಇನ್ನೂ ಹರಿಯದೆ ಬರುತ್ತದೆ.

ನನ್ನ ಮಂಚ, ಟ್ರಂಕು, ರೊಟ್ಟಿ ಹಂಚು ಕಳಿಸಿಕೊಡಿ. ಜಹೀರಾಬಾದಿಗೆ ಬರುವ ತೊಗರಿ ಗಾಡಿಯಲ್ಲಿ ಹಾಕಿದರೆ ಅಲ್ಲಿಂದ ನಾನು ತರಿಸಿಕೊಳ್ಳುತ್ತೇನೆ.

ಇನ್ನು ನಮ್ಮ ನಡುವೆ ಬರೆಯುವುದು ಏನೂ ಉಳಿದಿಲ್ಲ.

ಶಿವಕಾಂತಾ


ತಾಂಡೂರು
9 ಫೆಬ್ರುವರಿ 2024

ಶಿವಕಾಂತಾ,

ಸಾಮಾನು ಮುಟ್ಟಿತು ಎಂದು ಗಾಡಿಯವನು ಹೇಳಿದ. ನೀನು ಬರೆಯಲಿಲ್ಲ. ನಾನೇ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ನಡೆದದ್ದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಿದರೂ ತಿಳಿಯುವುದಿಲ್ಲ.

ಹೋದ ರವಿವಾರ ಜಹೀರಾಬಾದಿನವರು ಹೆಣ್ಣು ನೋಡಲು ಬಂದರು. ಹುಡುಗ, ಅವನ ತಂದೆ ತಾಯಿ, ಜೊತೆಗೆ ನನ್ನಷ್ಟೇ ವಯಸ್ಸಾದ ಅವನ ಅಜ್ಜಿ. ಎಲ್ಲರೂ ಎಡಗಡೆಯ ಸೋಫಾದ ಮೇಲೆ ಕೂತರು. ನಾನು ಬಲಗಡೆ ನನ್ನ ಮಂಚದ ಮೇಲಿದ್ದೆ. ಮನೆಗೆ ಹಿರಿಯಳು ಎಂದು ಕೌಶಲ್ಯಾ ನನಗೆ ಹೊಸ ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿಸಿ ಕೂರಿಸಿದ್ದಳು. ಅಜ್ಜಿಯ ಹತ್ತಿರ ಹೋಗಿ ಮಾತಾಡಿಸಿರಿ ಎಂದು ಸನ್ನೆ ಮಾಡಿದಳು. ಎದ್ದು ಹೊರಟೆ. ತೊಲೆಯ ಕೆಳಗೆ ಬಂದೆ, ಕಾಲು ನಿಂತುಬಿಟ್ಟಿತು. ಅಲ್ಲಿ ಏನೂ ಇಲ್ಲ, ಈ ಕಡೆ ಆ ಕಡೆ ಎಲ್ಲವೂ ಒಂದೇ ಬಣ್ಣ ಎಂದು ನನಗೂ ಕಾಣುತ್ತಿತ್ತು. ಆದರೂ ಕಾಲು ಎತ್ತಿಡಲು ಆಗಲಿಲ್ಲ.

ಆ ಅಜ್ಜಿಗೂ ನನ್ನ ಹಾಗೆ ಕಿವಿ ಮಂದ ಇರಬೇಕು, ಕೂಗಿಯೇ ಮಾತಾಡುತ್ತಿದ್ದಳು. ಸೋಫಾ ತಟ್ಟಿ ಕರೆದಳು.

"ಬರ್ರಿ ಯವ್ವಾ, ಇಲ್ಲಿ ಬಂದು ಕುಂಡ್ರಿ. ಯಾಕ ನಿಂತ್ರಿ?"

ನನ್ನ ಬಾಯಿಂದ ಬಂದೇಬಿಟ್ಟಿತು. "ಅದು ನನ್ನ ಕಡಿ ಅಲ್ರಿ. ಶಿವಕಾಂತಾಂದು."

"ಶಿವಕಾಂತಾ ಯಾರ್ರಿ?"

ಆನಂದ ಎದ್ದು ನಿಂತ. ಕೌಶಲ್ಯಾ ಉಪ್ಪಿಟ್ಟಿನ ತಟ್ಟೆ ಹಿಡಿದವಳು ಹಾಗೇ ನಿಂತಳು. ಯಾರೋ ದೂರದ ಸಂಬಂಧಿಕಳು ಎಂದು ನಾನು ಹೇಳಬಹುದಿತ್ತು. ಇಷ್ಟು ದಿನ ಸುಮ್ಮನಿದ್ದವಳಿಗೆ ಅದೇನು ಕಷ್ಟ? ಆದರೆ "ನನ್ನ ಸವತಿ. ನನ್ನ ಮಗ ಆಕಿಗಿ ತವರಿಗಿ ಕಳಿಸ್ಯಾನ" ಎಂದೆ.

ಆ ಅಜ್ಜಿ ಜೋರಾಗಿ ನಕ್ಕಳು. "ಅಯ್ಯ, ನಮ್ಮ ಮಾವಗೂ ಇಬ್ಬರಿದ್ರು ತಗೋರಿ" ಎಂದು ಉಪ್ಪಿಟ್ಟಿಗೆ ಕೈ ಹಾಕಿದಳು. ಹುಡುಗನ ತಂದೆ ನಗಲಿಲ್ಲ. ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ಇನ್ನೂ ತಿಳಿಸಿಲ್ಲ, ಇನ್ನು ತಿಳಿಸುವುದೂ ಇಲ್ಲ. ಮೊಮ್ಮಗಳ ಮಾತು ಬೇರೆ. "ಅಜ್ಜಿ, ಛಲೋ ಆತು" ಎಂದು ನನ್ನ ಕಿವಿಯಲ್ಲಿ ಹೇಳಿ ಓಡಿದಳು. ಹುಡುಗ ಅವಳಿಗೆ ಸೇರಿರಲಿಲ್ಲವಂತೆ.

ಆನಂದ ಆಮೇಲೆ ನನ್ನ ಮುಂದೆ ನಿಂತು ಬಹಳ ಹೊತ್ತು ಬಾಯಿ ಆಡಿಸಿದ. ಕೇಳಿಸಲಿಲ್ಲ. ಕೇಳಿಸಬೇಕು ಎಂದೂ ಅನಿಸಲಿಲ್ಲ.

ಪಾರ್ವತಿಬಾಯಿ


ತಾಂಡೂರು
4 ಮಾರ್ಚ್ 2024

ಶಿವಕಾಂತಾ,

ನೀನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದು ಮೊದಲೇ ಹೇಳಿದ್ದೆ, ಸರಿ.

ಇನ್ನೊಂದು ಕಡೆಯವರು ನೋಡಲು ಬರುವವರಿದ್ದಾರೆ. ನಾನು ಮತ್ತೆ ಏನಾದರೂ ಅಂದುಬಿಟ್ಟೇನು ಎಂದು ನನ್ನ ಮಂಚವನ್ನು ತೊಗರಿ ಕೋಣೆಗೆ ಹಾಕಿದ್ದಾರೆ. "ಅವ್ವ, ಅಲ್ಲಿ ನಿನಗ ಶಾಂತ ಇರ್ತದ, ಫಿಕರ್ ಮಾಡಬ್ಯಾಡ" ಎಂದು ಆನಂದ ಬೆನ್ನು ಸವರಿ ಕಿವಿಯಲ್ಲಿ ಹೇಳಿದ. ಅವನು ಕೆಟ್ಟವನಲ್ಲ, ನೀನೂ ಎತ್ತಿ ಆಡಿಸಿದ ಹುಡುಗ. ಕೌಶಲ್ಯಾ ಹೊತ್ತಿಗೆ ಸರಿಯಾಗಿ ಊಟ ತಂದಿಡುತ್ತಾಳೆ. ಹೋಗುವಾಗ ಬಾಗಿಲು ಎಳೆದುಕೊಂಡು ಹೋಗುತ್ತಾಳೆ, ಅಷ್ಟೇ. ಒಂದು ಕಡೆ ಚೀಲಗಳು, ಒಂದು ಕಡೆ ನಾನು. ತೊಗರಿಯ ಧೂಳಿಗೆ ಕೆಮ್ಮು ಬರುತ್ತದೆ. ಈ ಕೋಣೆಗೆ ಬಣ್ಣ ಹಚ್ಚಿಲ್ಲ, ಯಾರೂ ನೋಡುವ ಕೋಣೆಯಲ್ಲ.

ನಿನ್ನದು ಅಳಿಸಿದರೆ ಇಡೀ ಪಡಸಾಲೆ ನನ್ನದಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ನಿನ್ನದು ಹೋದ ಮೇಲೆ ನನ್ನದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವವರು ಯಾರೂ ಉಳಿಯಲಿಲ್ಲ. ನಾನು ಮಾಡಿದ್ದು ತಪ್ಪು ಶಿವಕಾಂತಾ. ಒಂದು ಗೋಡೆಯ ಮಾತು, ನಾನು ಆಡಬೇಕಿತ್ತು.

ತಾಂಡೂರಿನಿಂದ ನಾರಾಯಣಖೇಡಕ್ಕೆ ನೇರ ಬಸ್ಸು ಇದೆಯೇ, ಜಹೀರಾಬಾದಿನಲ್ಲಿ ಬದಲಿಸಬೇಕೇ? ಸುಮ್ಮನೆ ಕೇಳಿದೆ. ನಿನ್ನ ಕೋಣೆಯಲ್ಲಿ ಎರಡು ಮಂಚ ಹಿಡಿಯುತ್ತವೆಯೇ ಎಂದೂ ಸುಮ್ಮನೆಯೇ ಕೇಳುತ್ತಿದ್ದೇನೆ.

ಪಾರ್ವತಿಬಾಯಿ


ನಾರಾಯಣಖೇಡ
14 ಮಾರ್ಚ್ 2024

ಅಕ್ಕನವರಿಗೆ ಶರಣಾರ್ಥಿ.

ಫೆಬ್ರುವರಿಯ ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ಅದಕ್ಕೇ ಉತ್ತರ ಬರೆಯಲು ಆಗಲಿಲ್ಲ. ಅವರು ಹೋದ ದಿನವೂ ನಾನು ಅತ್ತವಳಲ್ಲ. ಮೊದಲು ಅಳುವವರು ನೀವು, ನಿಮ್ಮದು ಮುಗಿಯಲಿ ಎಂದು ಕಾದು ಕೂತಿದ್ದೆ. ನೀವು ಅಳಲೇ ಇಲ್ಲ, ನನ್ನ ಸರದಿ ಬರಲೇ ಇಲ್ಲ. ಈಗ ಹಿಟ್ಟಿನ ಕೈಯಲ್ಲೇ ಅತ್ತೆ. ರೊಟ್ಟಿ ಒಯ್ಯಲು ಬಂದ ಖಾನಾವಳಿಯವನು ಗಾಬರಿಯಾಗಿ "ಏನಾತು ಯವ್ವಾ?" ಎಂದ. "ನಮ್ಮಕ್ಕ ನಾಕ ಮಂದ್ಯಾಗ ನನ್ನ ಹೆಸರು ಹೇಳ್ಯಾಳ" ಎಂದೆ. ಅವನಿಗೆ ಏನೂ ತಿಳಿಯಲಿಲ್ಲ. ರೊಟ್ಟಿ ಎಣಿಸಿಕೊಂಡು ಹೋದ.

ನಿಮ್ಮನ್ನು ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡಿ. ನೀವು ಸ್ಟೂಲು ಹಾಕಿ ಕೂತು ನೋಡಿದ್ದು ನನ್ನ ಹೊಟ್ಟೆಯಲ್ಲಿ ಹಾಗೇ ಇದೆ, ಇರುತ್ತದೆ. ಇಲ್ಲಿಗೆ ಬಂದ ಮೇಲೆ ದಿನಕ್ಕೊಂದು ಸಲವಾದರೂ ಅದನ್ನು ನಿಮ್ಮ ಮುಖದ ಮೇಲೆ ಹೇಳುತ್ತೇನೆ. ಕೇಳಿಸದಿದ್ದರೆ ಕೂಗಿ ಹೇಳುತ್ತೇನೆ.

ಜಹೀರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರ್ ಕೂಗುವುದು ನಿಮಗೆ ಕೇಳಿಸದೆ ಬೀದರಿಗೆ ಹೋಗಿ ಇಳಿದೀರಿ, ಅದಕ್ಕೆ ಅಲ್ಲಿಯವರೆಗೆ ನಾನೇ ಬರುತ್ತೇನೆ. ಆನಂದನಿಗೆ ಹೇಳಿಯೇ ಬನ್ನಿ, ಕದ್ದು ಬರಬೇಡಿ. ಎಷ್ಟು ದಿನಕ್ಕೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನಿ. ಮಂಚವನ್ನು ಅವನೇ ಗಾಡಿಗೆ ಹಾಕಲಿ.

ಕೋಣೆಯಲ್ಲಿ ಎರಡು ಮಂಚ ಹಿಡಿಯುತ್ತವೆ. ನಡುವೆ ಒಬ್ಬರು ನಡೆದಾಡುವಷ್ಟು ಜಾಗ ಉಳಿಯುತ್ತದೆ. ಮನೆಯ ಮಾಲಕ ಖಂಡೆಪ್ಪ ಯುಗಾದಿಗೆ ಬಣ್ಣ ಹೊಡೆಸಿಕೊಡುತ್ತೇನೆ, ಯಾವುದು ಬೇಕು ಎಂದು ಕೇಳಿದ. "ಎರಡ ತರ್ರಿ" ಎಂದೆ. "ಇಷ್ಟ ಸಣ್ಣ ಖೋಲಿಗಿ ಎರಡ ಬಣ್ಣ ಯಾಕವ್ವ?" ಎಂದ. "ನಮ್ಮಕ್ಕ ಬರಾಕಿದ್ದಾಳ. ಒಂದ ಬಣ್ಣದಾಗ ನಮ್ಮಿಬ್ಬರದು ನಡ್ಯಂಗಿಲ್ರಿ" ಎಂದೆ. ಡಬ್ಬಿಗಳು ಬಂದಿವೆ, ಇನ್ನೂ ಮುಚ್ಚಳ ತೆಗೆದಿಲ್ಲ. ನಿಮಗೆ ಯಾವ ಕಡೆ ಬೇಕು ಎಂದು ನೀವು ಬಂದು ಹೇಳಿದ ಮೇಲೆಯೇ ಹಚ್ಚಿಸುವುದು.

ನಿಮ್ಮ
ಶಿವಕಾಂತಾ